ಅಲೆಯ ಮೇಲಿನ ಪಾಯಖಾನೆ

ಮಕ್ಕಳೇ, ಹಡಗಿನ ಕಥೆ ಓದುವಾಗ ನಿಮಗೆ ಒಂದು ಅನುಮಾನ ಬಂದೇ ಬಂದಿರುತ್ತದೆ. ಕಡಲ್ಗಳ್ಳರು ತಿಂಗಳುಗಟ್ಟಲೆ ನೀರಿನ ಮೇಲೆ ಇರುತ್ತಾರೆ. ಕತ್ತಿ ಬೀಸುತ್ತಾರೆ, ನಿಧಿ ಹುಡುಕುತ್ತಾರೆ, ಒಣಗಿದ ರೊಟ್ಟಿ ಕಡಿಯುತ್ತಾರೆ. ಆದರೆ ಬೆಳಿಗ್ಗೆ ಎದ್ದು ಅವರು ಎಲ್ಲಿಗೆ ಹೋಗುತ್ತಾರೆ? ಕಥೆ ಬರೆದವರು ಅದನ್ನು ಹೇಳುವುದೇ ಇಲ್ಲ. ಮನೆಯಲ್ಲಿ ಕೇಳಿದರೆ, “ಥೂ, ಅನ್ನದ ಮುಂದೆ ಕೂತು ಆಡುವ ಮಾತೇನೋ ಅದು!” ಎಂದು ಅಜ್ಜಿ ಗದರುತ್ತಾರೆ.

ಅಜ್ಜಿಯಂದಿರು ಮನ್ನಿಸಬೇಕು. ಈ ವಾರ ನಾನು ಅದೇ ಮಾತನ್ನು ಎತ್ತಿಕೊಂಡಿದ್ದೇನೆ. ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಓದಿದರಾಯಿತು. ಆದರೆ ಓದದೆ ಬಿಡಬೇಡಿ. ಒಂದು ಪಾಯಖಾನೆಯನ್ನು ಸರಿಯಾಗಿ ನೋಡಿಕೊಳ್ಳದೆ ಒಂದು ಯುದ್ಧನೌಕೆಯೇ ಮುಳುಗಿದ ಕಥೆ ಇದರಲ್ಲಿ ಬರುತ್ತದೆ.

ಮೊದಲು ಹಳೆಯ ಕಾಲದ ಹಡಗು. ಹಾಯಿ ಕಟ್ಟಿದ ದೊಡ್ಡ ಹಡಗುಗಳಿಗೆ ಗಾಳಿ ಹೆಚ್ಚಾಗಿ ಹಿಂದಿನಿಂದ ಬೀಸಬೇಕು. ಆಗಲೇ ಅವು ಮುಂದೆ ಹೋಗುವುದು. ಹಾಗಾದರೆ ನಾರುವ ವಸ್ತುವನ್ನು ಎಲ್ಲಿ ಇಡಬೇಕು? ಹಿಂದೆ ಇಟ್ಟರೆ ಗಾಳಿ ಆ ವಾಸನೆಯನ್ನೆಲ್ಲ ಹಡಗಿನ ಉದ್ದಕ್ಕೂ ಹೊತ್ತು ತರುತ್ತದೆ. ಮೂತಿಯಲ್ಲಿ, ಅಂದರೆ ಎಲ್ಲಕ್ಕಿಂತ ಮುಂದಿನ ತುದಿಯಲ್ಲಿ ಇಟ್ಟರೆ ವಾಸನೆ ಹಡಗಿಗಿಂತ ಮುಂದೆ ಹಾರಿಹೋಗುತ್ತದೆ. ಅದಕ್ಕೇ ನಾವಿಕರ ಪಾಯಖಾನೆ ಹಡಗಿನ ತಲೆಯ ಹತ್ತಿರ ಇರುತ್ತಿತ್ತು. ಹಲಗೆಯಲ್ಲಿ ತೂತು, ಕೆಳಗೆ ಸಮುದ್ರ. ಫ್ಲಶ್ ಮಾಡುವ ಕೆಲಸ ಅಲೆಗಳದ್ದು. ಅಧಿಕಾರಿಗಳಿಗೆ ಮಾತ್ರ ಹಿಂಭಾಗದಲ್ಲಿ ಮರೆಯ ಕೋಣೆ ಇರುತ್ತಿತ್ತು. ಬಿರುಗಾಳಿಯ ರಾತ್ರಿ ಆ ಮೂತಿಯ ಮೇಲೆ ಹೋಗಿ ಕೂರುವುದು ಎಂಥ ಸಾಹಸ ಎಂದು ನೀವೇ ಯೋಚಿಸಿ. ಇಂಗ್ಲಿಷ್ ಮಾತಾಡುವ ನಾವಿಕರು ಇವತ್ತಿಗೂ ದೋಣಿಯ ಪಾಯಖಾನೆಯನ್ನು ‘ಹೆಡ್’ ಎಂದೇ ಕರೆಯುತ್ತಾರೆ. ಹೆಡ್ ಎಂದರೆ ತಲೆ. ಜಾಗ ಬದಲಾದರೂ ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಈಗಿನ ಹಾಯಿದೋಣಿಗೆ ಬನ್ನಿ. ಮೂವತ್ತು ನಲವತ್ತು ಅಡಿ ಉದ್ದದ ದೋಣಿ. ಅದರ ಹೊಟ್ಟೆಯೊಳಗೆ ಅಡುಗೆಮನೆ, ಮಲಗುವ ಮಂಚ, ಪುಟ್ಟ ಬಚ್ಚಲು. ಬಚ್ಚಲಿನಲ್ಲಿ ನಮ್ಮ ಮನೆಯ ಕಮೋಡಿನ ತಮ್ಮನಂಥ ಒಂದು ಚಿಕ್ಕ ಕಮೋಡು. ಅದರ ಪಕ್ಕದಲ್ಲಿ ಬಾವಿಯ ಕೈಪಂಪನ್ನು ನೆನಪಿಸುವ ಒಂದು ಹಿಡಿ. ತಲೆಯ ಮೇಲೆ ಓವರ್‌ಹೆಡ್ ಟ್ಯಾಂಕಿಲ್ಲ, ಸರಪಳಿ ಎಳೆದರೆ ಬಡಬಡ ಸುರಿಯುವ ನೀರೂ ಇಲ್ಲ. ಕುಡಿಯುವ ನೀರು ದೋಣಿಯಲ್ಲಿ ಚಿನ್ನಕ್ಕೆ ಸಮ. ಅದನ್ನು ಕಕ್ಕಸಿಗೆ ಸುರಿಯುವ ಹಾಗಿಲ್ಲ. ಸುತ್ತಲೂ ಬೇಕಾದಷ್ಟು ಉಪ್ಪುನೀರು ಇದೆಯಲ್ಲ, ಅದನ್ನೇ ಪಂಪು ಮಾಡಿಕೊಳ್ಳಬೇಕು.

ಆ ಪಂಪು ಬಹಳ ಜಾಣ. ಒಂದೇ ಕೊಳವೆಯೊಳಗೆ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಮೇಲ್ಭಾಗ ಸಮುದ್ರದಿಂದ ಶುದ್ಧ ನೀರನ್ನು ಎಳೆದು ಕಮೋಡಿಗೆ ಕೊಡುತ್ತದೆ. ಕೆಳಭಾಗ ಕಮೋಡಿನಲ್ಲಿ ಇದ್ದದ್ದನ್ನು ಎಳೆದು ಹೊರಕ್ಕೆ ತಳ್ಳುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವ ಕೆಲಸ. ಪಕ್ಕದಲ್ಲೊಂದು ಸಣ್ಣ ತಿರುಗಣೆ ಇರುತ್ತದೆ. ಅದನ್ನು ‘ನೀರು’ ಕಡೆಗೆ ತಿರುಗಿಸಿದರೆ ನೀರು ಬರುವುದೂ ಹೋಗುವುದೂ ಎರಡೂ ನಡೆಯುತ್ತದೆ. ‘ಒಣ’ ಕಡೆಗೆ ತಿರುಗಿಸಿದರೆ ಬರುವುದು ನಿಂತು ಹೋಗುವುದು ಮಾತ್ರ ನಡೆಯುತ್ತದೆ.

ದೋಣಿಯ ತಳದಲ್ಲಿ ಇದಕ್ಕಾಗಿ ಎರಡು ತೂತುಗಳಿವೆ. ಒಂದು ಸಣ್ಣದು, ಸಮುದ್ರದ ನೀರು ಒಳಗೆ ಬರಲು. ಇನ್ನೊಂದು ದೊಡ್ಡದು, ಗಲೀಜು ಹೊರಗೆ ಹೋಗಲು. ಒಳಗೆ ಬರುವ ತೂತು ಮುಂದೆ, ಹೊರಗೆ ಹೋಗುವ ತೂತು ಹಿಂದೆ. ಏಕೆ ಎಂದು ಊಹಿಸಿ. ಹಿಂದುಮುಂದಾದರೆ ಹೊರಗೆ ಹಾಕಿದ್ದನ್ನೇ ಮತ್ತೆ ಒಳಗೆ ಎಳೆದುಕೊಂಡ ಹಾಗಾಗುತ್ತದೆ! ಎರಡು ತೂತಿಗೂ ಒಂದೊಂದು ಗಟ್ಟಿ ವಾಲ್ವು ಇರುತ್ತದೆ. ದೋಣಿಯವರು ಅದಕ್ಕೆ ‘ಸೀಕಾಕ್’ ಎನ್ನುತ್ತಾರೆ. ನಾವು ತಳದ ವಾಲ್ವು ಎನ್ನೋಣ.

ಇಷ್ಟು ತಿಳಿದ ಮೇಲೆ ಬಳಸುವ ಕ್ರಮ ಸುಲಭ. ಮೊದಲು ಎರಡೂ ತಳದ ವಾಲ್ವುಗಳನ್ನು ತೆರೆಯಬೇಕು. ತಿರುಗಣೆಯನ್ನು ‘ನೀರು’ ಕಡೆ ಇಟ್ಟು ನಾಲ್ಕೈದು ಸಲ ಪಂಪು ಹೊಡೆದು ಕಮೋಡನ್ನು ಒದ್ದೆ ಮಾಡಬೇಕು. ಆಮೇಲೆ ಕೂರಬೇಕು. ಗಂಡಸರಾದರೂ ಹುಡುಗರಾದರೂ ಕೂತೇ ಮುಗಿಸಬೇಕು. ಓಲಾಡುವ ದೋಣಿಯಲ್ಲಿ ನಿಂತವರ ಗುರಿ ಯಾವತ್ತೂ ತಪ್ಪುತ್ತದೆ. ಗೋಡೆಯ ಹಿಡಿಕೆಯನ್ನು ಬಿಡಬಾರದು. ನನ್ನ ವಯಸ್ಸಿನವರಿಗಂತೂ ಅದು ಕಟ್ಟುನಿಟ್ಟಿನ ನಿಯಮ. ಕೆಲಸ ಮುಗಿದ ಮೇಲೆ ಸಾವಕಾಶವಾಗಿ, ಪೂರ್ತಿ ಮೇಲೆ ಪೂರ್ತಿ ಕೆಳಗೆ, ಪಂಪು ಹೊಡೆಯಬೇಕು. ಕಮೋಡು ಸ್ವಚ್ಛವಾಗಿ ಕಂಡ ಮಾತ್ರಕ್ಕೆ ನಿಲ್ಲಿಸಬಾರದು. ಕೊನೆಗೆ ತಿರುಗಣೆಯನ್ನು ‘ಒಣ’ ಕಡೆ ತಿರುಗಿಸಿ ಇನ್ನೂ ಕೆಲವು ಸಲ ಹೊಡೆದು ಕಮೋಡು ಖಾಲಿ ಮಾಡಿ, ಎರಡೂ ತಳದ ವಾಲ್ವುಗಳನ್ನು ಮುಚ್ಚಬೇಕು.

ಕಮೋಡು ಸ್ವಚ್ಛವಾದರೂ ಪಂಪು ಏಕೆ ಹೊಡೆಯುತ್ತಿರಬೇಕು? ಇಲ್ಲಿ ಲೆಕ್ಕ ಬರುತ್ತದೆ. ಜೀವನವಿಡೀ ಕೂಡಿ ಕಳೆದವನಿಗೆ ಲೆಕ್ಕ ಸಿಕ್ಕರೆ ಹಬ್ಬ. ಗಲೀಜು ಹೋಗುವ ಪೈಪಿನ ಒಳ ಅಗಲ ಸುಮಾರು 38 ಮಿಲಿಮೀಟರ್. ಅಂಥ ಪೈಪು ಒಂದು ಮೀಟರ್ ಉದ್ದಕ್ಕೆ ಸುಮಾರು 1.13 ಲೀಟರ್ ಹಿಡಿಯುತ್ತದೆ. ಏಳನೆಯ ತರಗತಿ ದಾಟಿದವರು ವೃತ್ತದ ವಿಸ್ತೀರ್ಣದ ಸೂತ್ರ ಹಾಕಿ ಪರೀಕ್ಷಿಸಿ ನೋಡಿ. ಪೈಪು ಮೂರು ಮೀಟರ್ ಉದ್ದ ಇದ್ದರೆ ಅದರ ಹೊಟ್ಟೆಯಲ್ಲಿ ಸುಮಾರು 3.4 ಲೀಟರ್ ಇರುತ್ತದೆ. ಪಂಪು ಒಂದು ಸಲಕ್ಕೆ ಕಾಲು ಲೀಟರ್ ತಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ಪೈಪು ಪೂರ್ತಿ ತೊಳೆದುಹೋಗಲು ಹದಿನಾಲ್ಕು ಸಲ ಹೊಡೆಯಬೇಕು. ಐದು ಸಲ ಹೊಡೆದು ಕಮೋಡು ಬೆಳ್ಳಗಾಯಿತೆಂದು ಎದ್ದು ಬಂದವನು ತನ್ನ ಗಲೀಜನ್ನು ಪೈಪಿನ ನಡುವೆ ಬಿಟ್ಟು ಬಂದಿರುತ್ತಾನೆ. ಅದು ಅಲ್ಲೇ ನಿಂತು ಕೊಳೆತು, ಮುಂದೆ ಹೋದವನ ಪಾಲಿಗೆ ಬರುತ್ತದೆ.

ಇನ್ನೊಂದು ನಿಯಮವನ್ನು ದೋಣಿಯವರು ಗೋಡೆಗೆ ಬರೆದು ಅಂಟಿಸಿರುತ್ತಾರೆ. ಬಾಯಿಂದ ಒಳಗೆ ಹೋಗದಿದ್ದ ಯಾವ ವಸ್ತುವೂ ಈ ಕಮೋಡಿನೊಳಗೆ ಹೋಗಕೂಡದು. ಕೂದಲು, ಬೆಂಕಿಕಡ್ಡಿ, ಹತ್ತಿ, ಒದ್ದೆ ಒರೆಸುವ ಬಟ್ಟೆ ಯಾವುದೂ ಬೇಡ. ಪಾಯಖಾನೆಯ ಕಾಗದವೂ ಕಡಿಮೆ. ಪಂಪಿನ ಒಳಗೆ ಇರುವ ರಬ್ಬರಿನ ಬಾಯಿಗಳು ಬಹಳ ನಾಜೂಕು. ಅವುಗಳಲ್ಲಿ ಒಂದಕ್ಕೆ ‘ಜೋಕರ್ ವಾಲ್ವು’ ಎಂದು ಹೆಸರು. ಬಾತುಕೋಳಿಯ ಕೊಕ್ಕಿನಂತೆ ಮುಚ್ಚಿಕೊಂಡಿದ್ದು, ಒಳಗಿನಿಂದ ತಳ್ಳಿದರೆ ಬಾಯಿ ಬಿಟ್ಟು ಹೊರಗೆ ಬಿಡುತ್ತದೆ. ಹೊರಗಿನಿಂದ ತಳ್ಳಿದರೆ ಬಾಯಿ ಬಿಗಿದುಕೊಳ್ಳುತ್ತದೆ. ಹೆಸರು ಜೋಕರ್ ಆದರೂ ಅದು ಕೆಟ್ಟರೆ ನಗುವವರು ಯಾರೂ ಇರುವುದಿಲ್ಲ. ಹೊರಗೆ ಕಳುಹಿಸಿದ್ದು ಮೆಲ್ಲಗೆ ಕಮೋಡಿಗೆ ವಾಪಸು ಬರುತ್ತದೆ. ಒಂದು ಬೆಂಕಿಕಡ್ಡಿ ಅದರ ತುಟಿಯಲ್ಲಿ ಸಿಕ್ಕಿಕೊಂಡರೂ ಸಾಕು. ಹಾಗಾಗಿ ಜಾಗ್ರತೆಯವರು ಆ ರಬ್ಬರನ್ನು ಹಾಳಾಗುವುದಕ್ಕೆ ಕಾಯುವುದಿಲ್ಲ. ವರ್ಷಕ್ಕೊಮ್ಮೆ ಹೊಸದು ಹಾಕುತ್ತಾರೆ. ಪಿಸ್ಟನ್ನಿನ ಕಡ್ಡಿ ಬಿಗಿಯಾದರೆ ರಬ್ಬರಿಗೆ ಒಗ್ಗುವ ಗ್ರೀಸು ಸವರುತ್ತಾರೆ. ಪೆಟ್ರೋಲಿನ ಬಳಗಕ್ಕೆ ಸೇರಿದ ಎಣ್ಣೆ ಹಾಕಿದರೆ ಕೆಲವು ರಬ್ಬರುಗಳು ಉಬ್ಬಿ ಕೆಡುತ್ತವೆ.

ಈಗ ಸ್ವಲ್ಪ ಭಯದ ವಿಷಯ. ಕಮೋಡು ಕೂತಿರುವುದು ದೋಣಿಯ ಹೊಟ್ಟೆಯಲ್ಲಿ. ಅನೇಕ ದೋಣಿಗಳಲ್ಲಿ ಅದರ ಅಂಚು ಹೊರಗಿನ ಸಮುದ್ರದ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಹಿಂದಿನ ಕಾಲದಲ್ಲಿ ಪಡಿತರ ಅಂಗಡಿಯವರು ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ರಬ್ಬರ್ ಪೈಪಿನಲ್ಲಿ ಇಳಿಸುತ್ತಿದ್ದದ್ದು ಅಜ್ಜಂದಿರಿಗೆ ನೆನಪಿರಬಹುದು. ಒಮ್ಮೆ ಹರಿಯಲು ಶುರುವಾದರೆ, ಪೈಪು ಡ್ರಮ್ಮಿನ ಅಂಚು ಹತ್ತಿ ಇಳಿದರೂ ಎಣ್ಣೆ ತಾನಾಗಿಯೇ ಮೇಲಿನಿಂದ ಕೆಳಕ್ಕೆ ಬರುತ್ತಲೇ ಇರುತ್ತಿತ್ತು. ಇದಕ್ಕೆ ಸೈಫನ್ ಎನ್ನುತ್ತಾರೆ. ದೋಣಿಯಲ್ಲೂ ಇದೇ ಆಗುತ್ತದೆ. ಸಮುದ್ರ ಮೇಲೆ, ಕಮೋಡು ಕೆಳಗೆ, ನಡುವೆ ನೀರು ತುಂಬಿದ ಪೈಪು. ಪಂಪಿನ ರಬ್ಬರು ಸ್ವಲ್ಪ ಸವೆದಿದ್ದು, ಯಾರೋ ವಾಲ್ವು ಮುಚ್ಚದೆ ಹೋದರೆ ಸಮುದ್ರವೇ ಕಮೋಡಿನ ಮೂಲಕ ಒಳಗೆ ನಡೆದು ಬರುತ್ತದೆ. ಮೊದಲು ಕಮೋಡು ತುಂಬುತ್ತದೆ, ಆಮೇಲೆ ಅಂಚು ದಾಟುತ್ತದೆ, ಆಮೇಲೆ ನೆಲ, ಮಂಚ, ಎಂಜಿನ್ನು. ಬಂದರಿನಲ್ಲಿ ಕಟ್ಟಿಹಾಕಿದ ದೋಣಿ ಯಾರಿಗೂ ತಿಳಿಯದಂತೆ ರಾತ್ರೋರಾತ್ರಿ ಮುಳುಗಲು ಇಷ್ಟು ಸಾಕು.

ಇದಕ್ಕೆ ಉಪಾಯ ಏನು? ಪೈಪನ್ನು ಸಮುದ್ರದ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ, ದೋಣಿ ಒಂದು ಪಕ್ಕಕ್ಕೆ ವಾಲಿದಾಗಲೂ ನೀರಿಗಿಂತ ಮೇಲೆ ಇರುವಷ್ಟು ಎತ್ತರಕ್ಕೆ, ಡೊಂಕಾಗಿ ಎತ್ತಿ ಮತ್ತೆ ಇಳಿಸುತ್ತಾರೆ. ಆ ಡೊಂಕಿನ ನೆತ್ತಿಯಲ್ಲಿ ಗಾಳಿಯನ್ನು ಮಾತ್ರ ಒಳಗೆ ಬಿಡುವ ಪುಟ್ಟ ವಾಲ್ವು. ಪಂಪು ನಿಂತ ತಕ್ಷಣ ಅಲ್ಲಿಂದ ಗಾಳಿ ನುಗ್ಗಿ ನೀರಿನ ಸರಪಳಿಯನ್ನು ಕಡಿದುಹಾಕುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಸ್ಟೂಲಿನ ಮೇಲೆ ಒಂದು ಬಕೆಟ್ ನೀರು, ನೆಲದ ಮೇಲೆ ಖಾಲಿ ಬಕೆಟ್. ಗಿಡಕ್ಕೆ ನೀರು ಬಿಡುವ ತೆಳು ಪೈಪಿನ ತುಂಡಿನಲ್ಲಿ ನೀರು ತುಂಬಿ, ಎರಡೂ ಬಾಯಿಗಳನ್ನು ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ಮೇಲಿನ ಬಕೆಟ್ಟಿನಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿನದಕ್ಕೆ ಇಳಿಸಿ ಬೆರಳು ತೆಗೆಯಿರಿ. ನೀರು ತಾನಾಗಿ ಹರಿಯುತ್ತದೆ. ಈಗ ದೊಡ್ಡವರಿಂದ ಪೈಪಿನ ಅತಿ ಎತ್ತರದ ಜಾಗದಲ್ಲಿ ಒಂದು ತೂತು ಮಾಡಿಸಿ. ಆ ತೂತಿನಿಂದ ನೀರು ಚಿಮ್ಮುವುದಿಲ್ಲ. ಗಾಳಿ ಒಳಗೆ ಹೋಗಿ ಹರಿವು ನಿಲ್ಲುತ್ತದೆ. ಹಳೆಯ ಪೈಪು ಆರಿಸಿಕೊಳ್ಳಿ, ಇಲ್ಲದಿದ್ದರೆ ಬೈಗುಳ ನನಗೆ ಬರುತ್ತದೆ.

ತಳದ ತೂತು ಎಷ್ಟು ನೀರು ತರುತ್ತದೆ ಎಂಬ ಅಂದಾಜು ಬೇಡವೇ? 38 ಮಿಲಿಮೀಟರ್ ತೂತು, ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ ಇದೆ ಎನ್ನೋಣ. ಪೈಪು ಕಳಚಿಕೊಂಡರೆ ಅದರಿಂದ ನಿಮಿಷಕ್ಕೆ ಸುಮಾರು 140 ಲೀಟರ್ ನೀರು ನುಗ್ಗುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ನಿಮಿಷಕ್ಕೆ ಒಂಬತ್ತು ಕೊಡ! ಇದೇ ವೇಗದಲ್ಲಿ ಬಂದರೆ ಒಂದು ಗಂಟೆಗೆ ಎಂಟು ಟನ್ನಿಗೂ ಹೆಚ್ಚು. ಮೂವತ್ತು ಅಡಿಯ ಹಾಯಿದೋಣಿ ತಾನೇ ನಾಲ್ಕೈದು ಟನ್ ತೂಗುತ್ತದೆ. ಆದ್ದರಿಂದಲೇ ಪೈಪಿನ ಪ್ರತಿ ತುದಿಗೂ ಒಂದರ ಬದಲು ಎರಡು ಕ್ಲಿಪ್ಪು ಬಿಗಿಯುತ್ತಾರೆ. ತಳದ ವಾಲ್ವಿನ ಪಕ್ಕದಲ್ಲಿ ಕ್ಯಾರೆಟ್ಟಿನ ಆಕಾರದ ಮೆತ್ತನೆಯ ಮರದ ಬೂಚನ್ನು ದಾರ ಕಟ್ಟಿ ನೇತುಹಾಕಿರುತ್ತಾರೆ. ವಾಲ್ವೇ ಮುರಿದರೆ ಆ ಬೂಚನ್ನು ತೂತಿಗೆ ಬಡಿಯುವುದು. ಕತ್ತಲಲ್ಲಿ ಹುಡುಕಾಡುವ ಹಾಗೆ ಇರಬಾರದು, ಕೈ ಚಾಚಿದರೆ ಸಿಗಬೇಕು.

ನಾನಿದ್ದ ಬ್ಯಾಂಕಿನಲ್ಲಿ ಹಣದ ಕೋಣೆಗೆ ಎರಡು ಬೀಗದಕೈ, ಇಬ್ಬರು ಬೇರೆ ಬೇರೆ ಜನರ ಹತ್ತಿರ. ಒಬ್ಬನೇ ತೆಗೆಯುವ ಹಾಗಿಲ್ಲ, ಒಬ್ಬನೇ ಮುಚ್ಚುವ ಹಾಗೂ ಇಲ್ಲ. ಒಳ್ಳೆಯ ದೋಣಿಗಳಲ್ಲೂ ಹೀಗೆಯೇ. ದಡಕ್ಕೆ ಹೋಗುವ ಮುನ್ನ ಒಬ್ಬರು ವಾಲ್ವು ಮುಚ್ಚುತ್ತಾರೆ, ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ಮನುಷ್ಯನಿಗೆ ಮರೆವು ಇದೆ ಎಂಬ ವಿನಯ, ಅಷ್ಟೇ.

ಇನ್ನು ಹೇಳಿದ ಕಥೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಜರ್ಮನಿಯ ಜಲಾಂತರ್ಗಾಮಿಯೊಂದರ ಹೆಸರು ಯು-1206. ಅದರ ಕ್ಯಾಪ್ಟನ್ ಕಾರ್ಲ್ ಅಡಾಲ್ಫ್ ಶ್ಲಿಟ್. ನೀರಿನ ಆಳಕ್ಕೆ ಹೋದ ಹಾಗೆ ಹೊರಗಿನ ಒತ್ತಡ ಹೆಚ್ಚುತ್ತದೆ, ಆಗ ಪಾಯಖಾನೆಯ ಗಲೀಜನ್ನು ಹೊರಗೆ ತಳ್ಳುವುದು ಕಷ್ಟ. ಹಳೆಯ ಜಲಾಂತರ್ಗಾಮಿಗಳಲ್ಲಿ ಮೇಲಕ್ಕೆ ಬಂದ ಮೇಲೆಯೇ ಫ್ಲಶ್ ಮಾಡಬೇಕಾಗಿತ್ತು. ಯು-1206ರಲ್ಲಿ ಹೊಸ ಬಗೆಯ, ಹೆಚ್ಚು ಒತ್ತಡದ ಪಾಯಖಾನೆ ಹಾಕಿದ್ದರು. ಆಳದಲ್ಲೂ ಕೆಲಸ ಮಾಡುತ್ತಿತ್ತು. ಆದರೆ ಅದರ ವಾಲ್ವುಗಳನ್ನು ತೆರೆದು ಮುಚ್ಚುವ ಕ್ರಮ ಬಹಳ ತೊಡಕಿನದು, ಅದಕ್ಕೆಂದೇ ತರಬೇತಿ ಪಡೆದವರು ಬೇಕಿತ್ತು.

1945ರ ಏಪ್ರಿಲ್ 14. ಹಡಗು ಸ್ಕಾಟ್ಲೆಂಡಿನ ತೀರದಿಂದ ಸ್ವಲ್ಪ ದೂರದಲ್ಲಿ ಸುಮಾರು ಅರವತ್ತು ಮೀಟರ್ ಆಳದಲ್ಲಿತ್ತು. ಆ ಪಾಯಖಾನೆಯ ವಾಲ್ವು ಕೈಕೊಟ್ಟು ಸಮುದ್ರದ ನೀರು ಒಳಗೆ ನುಗ್ಗಿತು. ಕೆಳಗಿನ ಅಂತಸ್ತಿನಲ್ಲಿ ಹಡಗನ್ನು ಓಡಿಸುವ ದೊಡ್ಡ ಬ್ಯಾಟರಿಗಳಿದ್ದವು. ಉಪ್ಪುನೀರು ಬ್ಯಾಟರಿಯ ಆ್ಯಸಿಡ್ಡಿಗೆ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಉಸಿರಾಡುವ ಹಾಗಿಲ್ಲ. ಬೇರೆ ದಾರಿ ಇಲ್ಲದೆ ಹಡಗು ಮೇಲಕ್ಕೆ ಬಂತು. ಬಂದ ತಕ್ಷಣ ಶತ್ರುವಿಮಾನದ ಕಣ್ಣಿಗೆ ಬಿದ್ದು ದಾಳಿಗೆ ಸಿಕ್ಕಿತು. ಕ್ಯಾಪ್ಟನ್ ಹಡಗನ್ನು ಬಿಡಲು ಆಜ್ಞೆ ಮಾಡಿದ. ನಾಲ್ವರು ಸತ್ತರು, ಉಳಿದವರು ಸೆರೆಯಾದರು, ಹಡಗು ಮುಳುಗಿತು. ಯುರೋಪಿನ ಯುದ್ಧ ಮುಗಿಯಲು ಇನ್ನೊಂದು ತಿಂಗಳೂ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಇಲ್ಲಿ ವಾಲ್ವಿಗೆ ಹೋದ ಪ್ರಾಣಗಳು ಬರಲಿಲ್ಲ. ಈ ಕಥೆಯನ್ನು ನಗುತ್ತಾ ಹೇಳುವವರು ಬಹಳ. ನನಗೆ ಆ ನಾಲ್ವರ ಮನೆಯವರು ನೆನಪಾಗುತ್ತಾರೆ.

ಕ್ಲೋರಿನ್ ಹೆಸರು ಬಂದದ್ದರಿಂದ ಮನೆಯ ದೊಡ್ಡವರಿಗೆ ಒಂದು ಮಾತು. ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರನ್ನೂ ಆ್ಯಸಿಡ್ಡನ್ನೂ ಯಾವತ್ತೂ ಒಟ್ಟಿಗೆ ಹಾಕಬೇಡಿ. ಆ ಜಲಾಂತರ್ಗಾಮಿಯಲ್ಲಿ ಎದ್ದ ವಿಷದ ಗಾಳಿಯೇ ನಿಮ್ಮ ಬಚ್ಚಲಿನಲ್ಲೂ ಏಳುತ್ತದೆ. ಎರಡು ಸೇರಿದರೆ ಎರಡು ಪಟ್ಟು ಸ್ವಚ್ಛವಾಗುತ್ತದೆ ಎಂದುಕೊಳ್ಳುವುದು ಅಪಾಯ. ದೋಣಿಯವರೂ ಈ ನಿಯಮವನ್ನು ಪಾಲಿಸುತ್ತಾರೆ, ಏಕೆಂದರೆ ಅವರಿಗೂ ಆ್ಯಸಿಡ್ಡಿನ ಕೆಲಸ ಬೀಳುತ್ತದೆ.

ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿಯ ಗಡಸು ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ? ದೋಣಿಯ ಪಾಯಖಾನೆಯ ಪೈಪಿನೊಳಗೂ ಮೂತ್ರ ಮತ್ತು ಸಮುದ್ರದ ನೀರು ಸೇರಿ ಅಂಥದೇ ಪೊರೆ ಕಟ್ಟುತ್ತದೆ. ವರ್ಷಗಳು ಕಳೆದ ಹಾಗೆ 38 ಮಿಲಿಮೀಟರ್ ಪೈಪು ಬೆರಳು ತೂರುವಷ್ಟಕ್ಕೆ ಇಳಿದುಬಿಡುತ್ತದೆ. ಆಗಾಗ ಸ್ವಲ್ಪ ವಿನೆಗರ್ ಸುರಿದು ಪೈಪಿನಲ್ಲಿ ಕೆಲಹೊತ್ತು ನಿಲ್ಲಿಸಿ ಪಂಪು ಮಾಡಿದರೆ ಎಳೆಯ ಪೊರೆ ಕರಗುತ್ತದೆ. ಬಿಟ್ಟರೆ ಕಲ್ಲಾಗುತ್ತದೆ. ದೊಡ್ಡವರಿಗೂ ಈ ಕಷ್ಟ ತಪ್ಪಿಲ್ಲ. ಅಮೆರಿಕದ ನೌಕಾಪಡೆಯ ಜೆರಾಲ್ಡ್ ಆರ್. ಫೋರ್ಡ್ ಎಂಬ ದೈತ್ಯ ವಿಮಾನವಾಹಕ ಹಡಗಿನಲ್ಲಿ 4,000ಕ್ಕೂ ಹೆಚ್ಚು ಜನ ಇರುತ್ತಾರೆ. ಅದರ ಪಾಯಖಾನೆ ವಿಮಾನದಲ್ಲಿ ಇರುವಂಥದು, ಗಾಳಿಯ ಸೆಳೆತದಿಂದ ಎಳೆದುಕೊಳ್ಳುವ ಬಗೆ. ಅದರ ಪೈಪುಗಳು ಮತ್ತೆ ಮತ್ತೆ ಕಟ್ಟಿಕೊಂಡವು. ಆಗಾಗ ಆ್ಯಸಿಡ್ ಹಾಯಿಸಿ ತೊಳೆಯಬೇಕು, ಒಂದು ಸಲಕ್ಕೆ ಸುಮಾರು ನಾಲ್ಕು ಲಕ್ಷ ಡಾಲರ್ ಖರ್ಚು ಎಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧಕರು 2020ರ ವರದಿಯಲ್ಲಿ ಬರೆದಿದ್ದಾರೆ. ಸಣ್ಣ ದೋಣಿಯವನು ಒಂದು ಬಾಟಲಿ ವಿನೆಗರಿನಲ್ಲಿ ಮುಗಿಸುತ್ತಾನೆ.

ವಾಸನೆಯ ವಿಷಯ ಬಿಟ್ಟರೆ ಲೇಖನ ಪೂರ್ತಿಯಾಗದು. ದೋಣಿ ವಾರಗಟ್ಟಲೆ ನಿಂತಿದ್ದು, ಬಂದು ಮೊದಲ ಸಲ ಪಂಪು ಹೊಡೆದಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಎಲ್ಲರೂ ಹಿಂದೆ ಹೋದವನ ಕಡೆಗೆ ನೋಡುತ್ತಾರೆ. ಪಾಪ, ಅವನ ತಪ್ಪೇನೂ ಇಲ್ಲ! ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಒಳಗೆ ಬರುವ ಪೈಪಿನಲ್ಲಿ ನೀರು ನಿಂತರೆ ಅವು ಸಾಯುತ್ತವೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಗಂಧಕದ ಉಪ್ಪನ್ನು ಹೈಡ್ರೋಜನ್ ಸಲ್ಫೈಡ್ ಎಂಬ ನಾರುವ ಅನಿಲವಾಗಿ ಮಾಡುತ್ತವೆ. ಮದ್ದು ಸುಲಭ. ದೋಣಿ ಬಿಟ್ಟು ಹೋಗುವ ಮುನ್ನ ಒಂದಿಷ್ಟು ಸಿಹಿನೀರನ್ನು ಆ ಪೈಪಿನಲ್ಲಿ ಹಾಯಿಸಿದರೆ ಆಯಿತು.

ಪಂಪು ಹೊಡೆದದ್ದೆಲ್ಲ ಎಲ್ಲಿಗೆ ಹೋಯಿತು? ಒಂದು ಕಾಲದಲ್ಲಿ ನೇರ ಸಮುದ್ರಕ್ಕೆ. ಸಮುದ್ರ ದೊಡ್ಡದು, ಏನು ಹಾಕಿದರೂ ನುಂಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಆದರೆ ಜನ ಈಜುವ, ಚಿಪ್ಪುಮೀನು ಹಿಡಿಯುವ ಕೊಲ್ಲಿಯಲ್ಲಿ ನೂರು ದೋಣಿಗಳು ಹೀಗೆ ಮಾಡಿದರೆ? ಅದಕ್ಕೆ ಈಗ ಬಹಳ ದೋಣಿಗಳಲ್ಲಿ ಒಂದು ತೊಟ್ಟಿ ಇರುತ್ತದೆ. ಗಲೀಜು ಅದರಲ್ಲಿ ತುಂಬಿಕೊಳ್ಳುತ್ತದೆ, ಬಂದರಿನಲ್ಲಿ ಪಂಪು ಹಾಕಿ ಖಾಲಿ ಮಾಡಿಸುತ್ತಾರೆ. ದೊಡ್ಡ ಹಡಗುಗಳಿಗೆ ‘ಮಾರ್ಪೋಲ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ನಾಲ್ಕನೆಯ ಅನುಬಂಧ ಪಾಯಖಾನೆಯ ಗಲೀಜಿಗೆಂದೇ ಇದ್ದು, 2003ರಲ್ಲಿ ಜಾರಿಗೆ ಬಂತು. ಅರೆದು ಕ್ರಿಮಿನಾಶ ಮಾಡಿದ್ದಾದರೆ ಹತ್ತಿರದ ನೆಲದಿಂದ 3 ನಾಟಿಕಲ್ ಮೈಲಿ ಆಚೆ, ಹಾಗೆಯೇ ತೊಟ್ಟಿಯಲ್ಲಿಟ್ಟದ್ದಾದರೆ 12 ನಾಟಿಕಲ್ ಮೈಲಿ ಆಚೆ ಬಿಡಬಹುದು. 12 ನಾಟಿಕಲ್ ಮೈಲಿ ಎಂದರೆ ಸುಮಾರು 22 ಕಿಲೋಮೀಟರ್. ತೊಟ್ಟಿಯದನ್ನು ಒಂದೇ ಸಲ ಸುರಿಯುವ ಹಾಗಿಲ್ಲ. ಹಡಗು ನಿಂತಿರಬಾರದು, ಕನಿಷ್ಠ 4 ನಾಟ್ ವೇಗದಲ್ಲಿ ಚಲಿಸುತ್ತಾ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ನಮ್ಮ ರೈಲುಗಳೂ ಹಿಂದೆ ಎಲ್ಲವನ್ನೂ ಹಳಿಯ ಮೇಲೆ ಸುರಿಯುತ್ತಿದ್ದವು, ಈಗ ಬೋಗಿಯ ಕೆಳಗೆ ಜೈವಿಕ ತೊಟ್ಟಿ ಬಂದಿದೆ. ಕಣ್ಣಿಂದ ಮರೆಯಾದದ್ದು ಇಲ್ಲವಾಯಿತು ಎಂಬ ನಂಬಿಕೆ ನಿಧಾನಕ್ಕೆ ಕರಗುತ್ತಿದೆ.

2017ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ ಎಂಬ 55 ಅಡಿಯ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ಅವರ ನಾಯಕಿ. ಭೂಮಿಯನ್ನು ಸುತ್ತಿ 2018ರ ಮೇ 21ರಂದು ಗೋವಾಕ್ಕೇ ಮರಳಿದರು. ಒಟ್ಟು 254 ದಿನ. ದಕ್ಷಿಣ ಸಾಗರದ ನಡುವೆ ಏನಾದರೂ ಕೆಟ್ಟರೆ ಫೋನು ಮಾಡಿ ಪ್ಲಂಬರನ್ನು ಕರೆಯಲು ಆಗುತ್ತದೆಯೇ? ಅಂಥ ದೋಣಿಯಲ್ಲಿ ಕೆಟ್ಟದ್ದನ್ನು ಬಿಚ್ಚುವ ಕೈ, ತೊಳೆಯುವ ಕೈ, ಜೋಡಿಸುವ ಕೈ ಎಲ್ಲ ಅಲ್ಲಿರುವವರದೇ. ನಾಯಕಿಯ ಕೈಯೂ ಅದರಲ್ಲಿ ಒಂದು.

ನನ್ನ ವಯಸ್ಸಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಬಾಲ್ಯದಲ್ಲಿ ಅನೇಕ ಪಟ್ಟಣಗಳ ಮನೆಗಳ ಹಿಂದೆ ಒಂದು ಸಣ್ಣ ಬಾಗಿಲು ಇರುತ್ತಿತ್ತು. ಮುಂಬಾಗಿಲಿನಿಂದ ಒಳಗೆ ಬರಲು ಬಿಡದ ಒಬ್ಬ ಮನುಷ್ಯ ಆ ಹಿಂಬಾಗಿಲಿನಿಂದ ಬಂದು ನಮ್ಮ ಮನೆಯ ಗಲೀಜನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಅವನ ಮಗನಿಗೂ ಅದೇ ಕೆಲಸ. ಅವನ ಹೆಸರನ್ನು ನಾವು ಕೇಳುತ್ತಿರಲಿಲ್ಲ. 1970ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಕಟ್ಟುನಿಟ್ಟಿನ ಕಾನೂನು 2013ರಲ್ಲಿ ಬಂತು. ಆದರೂ ಗುಂಡಿಗೆ ಇಳಿದು ವಿಷದ ಗಾಳಿಗೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಇನ್ನೂ ಬರುತ್ತದೆ. ಆ ಗಾಳಿಯಲ್ಲಿ ಮುಖ್ಯವಾದದ್ದು ಮೇಲೆ ಹೇಳಿದ ಕೊಳೆತ ಮೊಟ್ಟೆಯ ಹೈಡ್ರೋಜನ್ ಸಲ್ಫೈಡ್. ದೋಣಿಯ ಪೈಪಿನಲ್ಲಿ ಅದು ಮೂಗು ಮುಚ್ಚಿಸುತ್ತದೆ, ಮುಚ್ಚಿದ ಗುಂಡಿಯಲ್ಲಿ ಪ್ರಾಣ ತೆಗೆಯುತ್ತದೆ.

ದೋಣಿಯಲ್ಲಿ ಹಿಂಬಾಗಿಲು ಇರುವುದಿಲ್ಲ ಮಕ್ಕಳೇ. ಕರೆಯಲು ಇನ್ನೊಬ್ಬ ಇರುವುದಿಲ್ಲ. ಹದಿನಾಲ್ಕು ಸಲ ಹೊಡೆಯಬೇಕಾದಲ್ಲಿ ಐದು ಸಲ ಹೊಡೆದು ಬಂದರೆ, ಉಳಿದ ಒಂಬತ್ತು ಸಲ ಯಾರದೋ ಲೆಕ್ಕಕ್ಕೆ ಬೀಳುತ್ತದೆ, ಮತ್ತು ಆ ಯಾರೋ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡುವ ಗೆಳೆಯ. ನಿಮ್ಮ ಶಾಲೆಯಲ್ಲೂ ಒಂದು ಪಾಯಖಾನೆ ಇದೆ. ಅದನ್ನು ತೊಳೆಯುವವರ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಸೋಮವಾರ ಕೇಳಿ ತಿಳಿದುಕೊಳ್ಳಿ. ಅಕ್ಕ ಅಥವಾ ಅಣ್ಣ ಎಂದು ಸೇರಿಸಿ ಆ ಹೆಸರನ್ನು ಕರೆಯಿರಿ. ನೀವು ಹೋಗಿ ಬಂದ ಮೇಲೆ ಇನ್ನೊಂದು ಚೊಂಬು ನೀರು ಹೆಚ್ಚಾಗಿ ಹಾಕಿ.

ಅಜ್ಜಂದಿರಿಗೂ ಒಂದು ಕೆಲಸ. ದೋಣಿಯವರು ತಳದ ವಾಲ್ವುಗಳನ್ನು ಆಗಾಗ ತೆರೆದು ಮುಚ್ಚುತ್ತಾರೆ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ವಾಲ್ವು ಜಾಮಾಗಿ, ಬೇಕಾದ ಹೊತ್ತಿಗೆ ತಿರುಗುವುದಿಲ್ಲ. ನಮ್ಮ ಮನೆಯ ತಾರಸಿಯ ಮೇಲಿನ ಗೇಟ್ ವಾಲ್ವು ಕೂಡ ಹಾಗೆಯೇ. ಈ ಭಾನುವಾರ ಮೊಮ್ಮಗುವನ್ನು ಕರೆದುಕೊಂಡು ಹೋಗಿ ಯಾವ ವಾಲ್ವು ಯಾವ ನಲ್ಲಿಗೆ ಎಂದು ತೋರಿಸಿ, ಒಮ್ಮೆ ಮುಚ್ಚಿ ತೆರೆಸಿ. ಮೆಟ್ಟಿಲು ಹತ್ತುವಾಗ ಮಗುವಿನ ಕೈ ಹಿಡಿದುಕೊಳ್ಳಿ. ಬೀಳದಿರುವುದು ಮಗುವಿಗಿಂತ ನಮಗೆ ಮುಖ್ಯ.

ಈ ವಾರದ ಲೆಕ್ಕ: ಒಂದು ದೋಣಿಯ ಪಾಯಖಾನೆಯ ಹೊರಪೈಪು ಐದು ಮೀಟರ್ ಉದ್ದ, ಒಳ ಅಗಲ 38 ಮಿಲಿಮೀಟರ್. ಪಂಪು ಸವೆದು ಒಂದು ಸಲಕ್ಕೆ 200 ಮಿಲಿಲೀಟರ್ ಮಾತ್ರ ತಳ್ಳುತ್ತದೆ. ಮುಂದೆ ಹೋಗುವವರಿಗೆ ಏನೂ ಉಳಿಯಬಾರದೆಂದರೆ ಕನಿಷ್ಠ ಎಷ್ಟು ಸಲ ಹೊಡೆಯಬೇಕು? ಕಾಲು ಭಾಗ, ಅರ್ಧ ಭಾಗ ಎಂದು ನಿಲ್ಲಿಸುವ ಹಾಗಿಲ್ಲ, ಪೂರ್ಣ ಸಂಖ್ಯೆ ಬೇಕು. ಉತ್ತರ ಮುಂದಿನ ವಾರ.